ಸ್ಪಾಟ್ ಲಿಸ್ಟ್ ಬಿಡಿ, ಹೊಳೆ ಹಿಡ್ಕೊಂಡು ಬನ್ನಿ: ಕಕ್ಕಬ್ಬೆ ಕಣಿವೆ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕೊಡಗಿನದ್ದೇ, ಅದ್ರಲ್ಲೂ "ಎರಡು ದಿನದಲ್ಲಿ ಏನೇನು ಕವರ್ ಮಾಡ್ಬಹುದು" ಅನ್ನೋದೇ ಜಾಸ್ತಿ. ಕವರ್ ಮಾಡೋಕೆ ಇದೇನು ಸಿಲಬಸ್ಸಾ ಅಂತ ನನಗೆ ಒಳಗೊಳಗೇ ಕಿರಿಕಿರಿ, ಆದ್ರೂ ಕೇಳಿದೋರಿಗೆ ಉತ್ತರ ಕೊಡ್ಲೇಬೇಕಲ್ಲ. ಒಂದೇ ಕಣಿವೆಗೆ ಸಂಬಂಧಪಟ್ಟ ಪ್ರಶ್ನೆಗಳನ್ನ ಒಟ್ಟಿಗೆ ಹಾಕಿದೀನಿ.

ಪ್ರಶ್ನೆ: ನಾವು ಮನಿಯವ್ರು ಐದು ಮಂದಿ ನವೆಂಬರ್‌ನ್ಯಾಗ ಕೊಡಗಿಗೆ ಬರಾಕತ್ತೀವ್ರಿ. ಅಪ್ಪಾಗ ಎಪ್ಪತ್ತರ ಮ್ಯಾಲ ಆಗೇತಿ, ಭಾಳ ಹತ್ತಾಕ ಆಗಂಗಿಲ್ಲ. ರಾಜಾಸೀಟ್, ಅಬ್ಬಿ ಫಾಲ್ಸ್, ದುಬಾರೆ ಎಲ್ಲಾ ಹಿಂದ ನೋಡೇವಿ. ಒಂದ ಕಡೆ ಉಳಕೊಂಡು ಹೊಳಿ, ಕಾಡು, ಹಳೇ ಗುಡಿ, ಅರಮನಿ ಎಲ್ಲಾ ನೋಡೂವಂಥ ಜಾಗ ಯಾವ್ದೈತಿ ಹೇಳ್ರಿ.
— ಓದುಗರು, ಹುಬ್ಬಳ್ಳಿ

ಉತ್ತರ: ಹಂಗಾದ್ರೆ ಕಣ್ಣು ಮುಚ್ಕೊಂಡು ಕಕ್ಕಬ್ಬೆ ಕಡೆ ಬನ್ನಿ ಸರ್. ಮಡಿಕೇರಿಯಿಂದ ನಾಪೋಕ್ಲು ಮೇಲೆ ಸುಮಾರು 40 ಕಿಲೋಮೀಟರ್, ಆದ್ರೆ ಕಿಲೋಮೀಟರ್ ಲೆಕ್ಕ ನಂಬ್ಕೋಬೇಡಿ, ತಿರುವು ಜಾಸ್ತಿ, ರಸ್ತೆ ಅಗಲ ಕಮ್ಮಿ, ಎದುರಿಗೆ ಬಸ್ಸು ಬಂದ್ರೆ ಯಾರಾದ್ರೊಬ್ರು ರಿವರ್ಸ್ ಹಾಕ್ಲೇಬೇಕು, ಸಾಮಾನ್ಯವಾಗಿ ಅದು ನೀವೇ ಆಗಿರ್ತೀರ. ತಡಿಯಂಡಮೋಳ್ ಬೆಟ್ಟದ ಬುಡದ ಊರು ಇದು, 1748 ಮೀಟರ್ ಎತ್ತರ ಇರೋ ಆ ಬೆಟ್ಟ ಕೊಡಗಲ್ಲೇ ದೊಡ್ಡದು. ಈ ಮಲೆಗಳ ನೀರೆಲ್ಲ ಸೇರಿ ಕಕ್ಕಬ್ಬೆ ಹೊಳೆಯಾಗಿ ಹರಿದು ಮುಂದೆ ಕಾವೇರಿಗೆ ಹೋಗುತ್ತೆ. ತಲಕಾವೇರಿಯಿಂದ ಹೊರಟ ಕಾವೇರಿ ಕೊಡಗು ದಾಟೋದ್ರೊಳಗೆ ದೊಡ್ಡ ಹೊಳೆ ಆಗಿರುತ್ತಲ್ಲ, ಅದಕ್ಕೆ ಕನ್ನಿಕೆ, ಕಕ್ಕಬ್ಬೆ, ಕದನೂರು, ಚಿಕ್ಕಹೊಳೆ, ಹಾರಂಗಿ ಇಂಥವೆಲ್ಲ ಕಾರಣ, ಆದ್ರೆ ಹೆಸರು ಮಾತ್ರ ಒಬ್ಳಿಗೇ.

ಮೊದಲ ದಿನ ಬರೋವಾಗ ಮೂರ್ನಾಡು ಕಡೆಯಿಂದ ಬಂದು ಬಲಮುರಿ ನೋಡ್ಕೊಳ್ಳಿ. ಕಾವೇರಿ ಅಲ್ಲಿ ಬಲಕ್ಕೆ ತಿರುಗ್ತಾಳೆ, ದಡದಲ್ಲಿ ಅಗಸ್ತ್ಯೇಶ್ವರ, ಕಣ್ವೇಶ್ವರ ಅಂತ ಎರಡು ಗುಡಿ. ಅಗಸ್ತ್ಯ ಮುನಿಯನ್ನ ಬಿಟ್ಟು ಕಾವೇರಿ ನೀರಾಗಿ ಹೊರಟಾಗ ಕೊಡವರು ಇಲ್ಲೇ ತಡೆಯೋಕೆ ನಿಂತ್ರಂತೆ, ಹರಿವಿನ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಹೋಯ್ತಂತೆ, ಕೊಡವ ಹೆಂಗಸರು ಇವತ್ತಿಗೂ ನೆರಿಗೆ ಹಿಂದೆ ಇಟ್ಕೊಂಡೇ ಸೀರೆ ಉಡೋದು. ತುಲಾ ಸಂಕ್ರಮಣದ ಮಾರನೇ ದಿನ ಇಲ್ಲಿ ಜಾತ್ರೆ, ನೀವು ಬರೋ ಹೊತ್ತಿಗೆ ಅದು ಮುಗಿದು ಖಾಲಿ ಇರುತ್ತೆ, ಅಪ್ಪನವರಿಗೆ ಕೂರೋಕೆ ಒಳ್ಳೇದು.

ಅಲ್ಲಿಂದ ನಾಪೋಕ್ಲು. ಪೇಟೆ ಹತ್ರಾನೇ ಎಮ್ಮೆಮಾಡು ದರ್ಗಾ ಇದೆ, ಉರೂಸ್ ಟೈಮಲ್ಲಿ ಎಲ್ಲಾ ಜಾತಿಯೋರೂ ಹೋಗ್ತಾರೆ, ಬೇಕಿದ್ರೆ ನೋಡ್ಕೊಂಡು ಮುಂದಕ್ಕೆ ಬನ್ನಿ. ಕಕ್ಕಬ್ಬೆಯಲ್ಲಿ ಪಾಡಿ ಇಗ್ಗುತ್ತಪ್ಪ ದೇವಸ್ಥಾನ. ಇಗ್ಗುತ್ತಪ್ಪ ಅಂದ್ರೆ ನಮ್ಮ ಕಡೆ ಮಳೆ-ಬೆಳೆ ದೇವರು. ಹೊಸ ಅಕ್ಕಿ ಹಬ್ಬ ಪುತ್ತರಿ ಯಾವ ದಿನ, ಎಷ್ಟು ಗಂಟೆಗೆ ಕದಿರು ತೆಗೀಬೇಕು ಅನ್ನೋದು ಇಲ್ಲೇ ನಿಗದಿಯಾಗೋದು, ಇಡೀ ಕೊಡಗು ಅದಕ್ಕೆ ಕಾಯ್ತಾ ಇರುತ್ತೆ. ನವೆಂಬರ್ ಕೊನೆ ಇಲ್ಲಾ ಡಿಸೆಂಬರ್‌ನಲ್ಲಿ ಪುತ್ತರಿ ಬರುತ್ತೆ, ನಿಮ್ಮ ಟ್ರಿಪ್ಪು ಅದಕ್ಕೆ ಹೊಂದ್ಕೊಂಡ್ರೆ ಅದೃಷ್ಟ. ರಾತ್ರಿ ಹೊತ್ತು ಗದ್ದೆಗೆ ಇಳಿದು ಕದಿರು ಕುಯ್ಯೋವಾಗ "ಪೊಲಿ ಪೊಲಿ ದೇವಾ" ಅಂತ ಕೂಗ್ತಾರೆ, ಕೋವಿ ಗುಂಡು ಹಾರಿಸ್ತಾರೆ, ಒಂದು ಗದ್ದೆಯಿಂದ ಕೂಗು ಎದ್ದ ಕೂಡ್ಲೇ ಕಣಿವೆ ಆಚೆ ಬದಿಯಿಂದಲೂ ಕೇಳ್ಸುತ್ತೆ. ಆದ್ರೆ ಅವತ್ತು ಎಲ್ಲರೂ ಅವರವರ ಮನೇಲಿ ಬ್ಯುಸಿ, ಗೆಸ್ಟ್ ನೋಡ್ಕೊಳ್ಳೋಕೆ ಯಾರಿಗೂ ಪುರುಸೊತ್ತಿರಲ್ಲ, ಹೋಂಸ್ಟೇ ಅವರನ್ನ ಮೊದ್ಲೇ ಕೇಳಿ.

ಎರಡನೇ ದಿನ ಬೆಳಗ್ಗೆ ನಾಲ್ಕುನಾಡು ಅರಮನೆ. ಕೈಕಂಬ ಸ್ಟಾಪಿಂದ ಮೇಲಕ್ಕೆ ಹೋಗ್ಬೇಕು, ಅರಮನೆ ತನಕ ವಾಹನ ಹೋಗುತ್ತೆ. ಅರಮನೆ ಅಂದ ಕೂಡ್ಲೇ ಮೈಸೂರು ಅರಮನೆ ನೆನಪಿಸ್ಕೊಂಡು ಬಂದ್ರೆ ನಿರಾಸೆ ಆಗುತ್ತೆ, ಎರಡು ಅಂತಸ್ತಿನ ಹಂಚಿನ ಮನೆ ಥರ ಇದೆ ಅಷ್ಟೇ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸೋಕೆ ಶುರು ಮಾಡಿದ್ದು. ಟಿಪ್ಪು ಕಡೆಯೋರು ಪಿರಿಯಾಪಟ್ಟಣದಲ್ಲಿ ಹಿಡಿದಿಟ್ಟಿದ್ದಾಗ 1788ರಲ್ಲಿ ತಪ್ಪಿಸ್ಕೊಂಡು ಬಂದ ರಾಜ ಇವನು, ಆಮೇಲೆ ಇಷ್ಟು ಮೂಲೇಲಿ ಮಲೆ ಬುಡದಲ್ಲಿ ಯಾಕೆ ಮನೆ ಕಟ್ಟಿದ ಅಂತ ಕೇಳೋದೇ ಬೇಡ. ಒಳಗೆ ಮರದ ಕಂಬಗಳ ಕೆತ್ತನೆ, ಮಾಸಿದ ಬಣ್ಣದ ಚಿತ್ರಗಳು, ಹಗಲಲ್ಲೂ ಕತ್ತಲಿರೋ ಕೋಣೆಗಳು, ಫೋನಿನ ಟಾರ್ಚ್ ಇಟ್ಕೊಂಡಿರಿ. ಎದುರಿಗೆ ಒಂದು ಚಿಕ್ಕ ಮಂಟಪ, 1796ರಲ್ಲಿ ರಾಜ ಮಹದೇವಮ್ಮನ್ನ ಮದುವೆಯಾಗಿದ್ದು ಅಲ್ಲೇ. ಕೊಡಗಿನ ಕೊನೇ ರಾಜ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರು ಬಂದಾಗ ಓಡಿ ಬಂದು ಕೂತಿದ್ದೂ ಇದೇ ಅರಮನೇಲಿ, ಏಪ್ರಿಲ್‌ನಲ್ಲಿ ಶರಣಾದ, ಕಾಶಿಗೆ ಕಳ್ಸಿದ್ರು, 1852ರಲ್ಲಿ ಮಗಳು ಗೌರಮ್ಮನ್ನ ಕರ್ಕೊಂಡು ಲಂಡನ್ನಿಗೆ ಹೋದ, ಅಲ್ಲೇ ತೀರ್ಕೊಂಡ. ಮದುವೆ ಮಂಟಪದಿಂದ ಲಂಡನ್ ತನಕ ಇಷ್ಟೆಲ್ಲ ಕಥೆ ಇರೋ ಜಾಗಕ್ಕೆ ಬಂದ ಜನ ಹೊರಗೆ ನಿಂತು ಸೆಲ್ಫಿ ತಗೊಂಡು ಟ್ರೆಕ್ಕಿಂಗ್‌ಗೆ ಹೊರಟ್ಬಿಡ್ತಾರೆ, ಅರಮನೆ ಅವರಿಗೆ ಬರೀ ಪಾರ್ಕಿಂಗ್ ಲಾಟು. ನೀವು ಒಂದು ಗಂಟೆ ಆದ್ರೂ ಇರಿ.

ಮಧ್ಯಾಹ್ನ ಏನೂ ಮಾಡ್ಬೇಡಿ. ಹೋಂಸ್ಟೇ ಅವರ ತೋಟದಲ್ಲಿ ಹೊಳೆ ಕಡೆಗೆ ಇಳಿಯೋ ದಾರಿ ಇದ್ರೆ ಅವರ ಜೊತೆ ನಿಧಾನಕ್ಕೆ ಹೋಗಿ. ಮೇಲೆ ಕಾಡು, ನಡುವೆ ಕಾಫಿ ಏಲಕ್ಕಿ, ತಗ್ಗಲ್ಲಿ ಗದ್ದೆ, ಅದರ ಅಂಚಲ್ಲಿ ಹೊಳೆ, ಈ ವರಸೆ ಕಣ್ಣಿಗೆ ಬಿತ್ತು ಅಂದ್ರೆ ಕಣಿವೆ ಅರ್ಧ ಅರ್ಥ ಆದಂಗೆ. ಗದ್ದೆ ಕೆಲವು ಪಾಳು ಬಿದ್ದಿರ್ತವೆ, ಆಳು ಸಿಗಲ್ಲ, ಹಂದಿ-ಆನೆ ಕಾಟ ಬೇರೆ.

ಪ್ರಶ್ನೆ: ಬ್ರೋ ತಡಿಯಂಡಮೋಳ್‌ಗೆ ಸೋಲೋ ಹೋಗ್ಬಹುದಾ? ನೈಟ್ ಟೆಂಟ್ ಹಾಕೋಕೆ ಬಿಡ್ತಾರಾ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಟೆಂಟ್ ಆಸೆ ಬಿಟ್ಬಿಡಿ ತಮ್ಮಾ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಲ್ಲಿ ಮೊದ್ಲೇ ಬುಕ್ ಮಾಡ್ಕೊಂಡು, ಐಡಿ ಕಾರ್ಡ್ ಹಿಡ್ಕೊಂಡು, ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳೀಬೇಕು. ಬೇಸಿಗೇಲಿ ಬೆಂಕಿ ಭಯಕ್ಕೆ, ಮಳೆಗಾಲದಲ್ಲಿ ಜಾರಿಕೆಗೆ ಮುಚ್ಚೋದುಂಟು, ಹೊರಡೋ ಮುಂಚೆ ಚೆಕ್ ಮಾಡಿ. ಸೋಲೋ ಬೇಡ, ಮೇಲೆ ಮಂಜು ಇಳಿದ್ರೆ ಹತ್ತಡಿ ಆಚೆ ಏನೂ ಕಾಣಲ್ಲ, ಹುಲ್ಲುಗಾವಲಲ್ಲಿ ಎಲ್ಲಾ ಕಾಲ್ದಾರಿನೂ ಒಂದೇ ಥರ. ಕೊನೇ ಏರು ಕಡಿದಾಗಿದೆ. ಹತ್ತೋವಾಗ ದಾರಿ ಪಕ್ಕ ತಗ್ಗುಗಳಲ್ಲಿ ಗುಂಪು ಗುಂಪಾಗಿ ಕುಳ್ಳಗಿರೋ ಕಾಡು ಕಾಣುತ್ತಲ್ಲ, ಅದು ಶೋಲಾ, ಸುತ್ತ ಹುಲ್ಲು ಮಧ್ಯ ಕಾಡು. ಮಳೆ ನೀರು ಹಿಡಿದಿಟ್ಕೊಂಡು ಬೇಸಿಗೇಲೂ ಒಸರ್ತಾ ಇರೋದು ಅದೇ, ಕೆಳಗಿನ ಹೊಳೆಗೆ ಜೀವ ಅಲ್ಲಿಂದ. ಚಿಪ್ಸ್ ಪ್ಯಾಕೆಟ್ ಅದರೊಳಗೆ ಎಸೀಬೇಡಿ ಅಂತ ಹೇಳೋಕೂ ನಾಚಿಕೆ ಆಗುತ್ತೆ, ಆದ್ರೂ ಹೇಳ್ತಿದೀನಿ.

ಪ್ರಶ್ನೆ: ಐನ್‌ಮನೆ ಅಂತ ಎಲ್ಲ ಕಡೆ ಓದ್ತೀವಿ. ಒಳಗೆ ಹೋಗಿ ನೋಡೋಕೆ ಟಿಕೆಟ್ ಇದ್ಯಾ? ಯಾವ ಐನ್‌ಮನೆ ಚೆನ್ನಾಗಿದೆ?
— ಶಿಕ್ಷಕಿ, ತುಮಕೂರು

ಉತ್ತರ: ಟಿಕೆಟ್ ಇಲ್ಲ ಮೇಡಂ, ಯಾಕಂದ್ರೆ ಅದು ಮ್ಯೂಸಿಯಂ ಅಲ್ಲ, ಒಂದು ಒಕ್ಕಕ್ಕೆ ಸೇರಿದ ಮನೆ. ಒಕ್ಕ ಅಂದ್ರೆ ಒಂದೇ ಮೂಲಪುರುಷನಿಂದ ಬಂದ ಕುಟುಂಬದೋರೆಲ್ಲ, ಈಗ ಬೆಂಗಳೂರು, ಮೈಸೂರು, ದುಬೈ ಅಂತ ಚೆದುರಿ ಹೋಗಿರ್ತಾರೆ, ಪುತ್ತರಿಗೋ ಕಾರೋಣ ಕೊಡೋದಕ್ಕೋ (ಗುರುಹಿರಿಯರಿಗೆ ಎಡೆ ಇಡೋದು) ಬಂದು ಸೇರ್ತಾರೆ. ಉಳಿದ ದಿನ ಎಷ್ಟೋ ಐನ್‌ಮನೆಗೆ ಬೀಗ. ಕೊಡವರದ್ದು ಮಾತ್ರ ಅಲ್ಲ, ಅರೆಭಾಷೆ ಗೌಡರಿಗೂ ಐನ್‌ಮನೆ ಇದೆ. ಯಾವ ಮನೆ ಅಂತ ಹೆಸರು ಹಾಕಲ್ಲ, ಹಾಕಿದ್ರೆ ಮುಂದಿನ ಭಾನುವಾರ ಅವರ ಅಂಗಳದಲ್ಲಿ ಟೆಂಪೋ ಟ್ರಾವೆಲರ್ ನಿಂತಿರುತ್ತೆ. ನೀವು ಉಳ್ಕೊಳ್ಳೋ ಮನೆಯವರನ್ನ ಕೇಳಿ, ಅವರ ಒಕ್ಕದ್ದೇ ಇರುತ್ತೆ ಇಲ್ಲಾ ನೆಂಟರದ್ದು, ಪಟ್ಟೆದಾರರಿಗೆ, ಅಂದ್ರೆ ಒಕ್ಕದ ಹಿರಿಯರಿಗೆ, ಫೋನ್ ಹೋಗುತ್ತೆ, ಕೆಲಸ ಆಗುತ್ತೆ.

ಹೋದಾಗ ಏನು ನೋಡ್ಬೇಕು ಅಂದ್ರೆ ಮೊದ್ಲು ದಾರೀನೇ. ಓಣಿ ಅಂತಾರೆ, ಎರಡೂ ಕಡೆ ಮಣ್ಣಿನ ದಿಣ್ಣೆ, ಪಾಚಿ, ಜರಿಗಿಡ, ಸೊಂಟಕ್ಕಿಂತ ಎತ್ತರ ಇರುತ್ತೆ ಕೆಲವು ಕಡೆ. ನೆಟ್ಟಗೆ ಇರಲ್ಲ, ತಿರುಗುತ್ತೆ, ಕೊನೇ ತಿರುವು ದಾಟೋ ತನಕ ಮನೆ ಕಾಣ್ಸಲ್ಲ. ಜಗಳ ಯುದ್ಧದ ಕಾಲದಲ್ಲಿ ಕಟ್ಟಿದ ಮನೆಗಳು, ನುಗ್ಗೋರಿಗೆ ದೂರದಿಂದ ಮನೆ ಕಾಣ್ಬಾರ್ದಲ್ಲ. ಮೆಟ್ಲು ಹತ್ತಿದ್ರೆ ಕೈಯಾಲೆ, ಅಂದ್ರೆ ಉದ್ದದ ಜಗುಲಿ, ಕಂಬದಿಂದ ಕಂಬಕ್ಕೆ ಅಡ್ಡ ಹಾಕಿರೋ ಅಗಲದ ಮರದ ಹಲಗೆಗೆ ಐಮರ ಅಂತಾರೆ. ಕೈ ಇಟ್ಟು ನೋಡಿ, ತಲೆಮಾರುಗಳಿಂದ ಕೂತು ಕೂತು ನುಣ್ಣಗಾಗಿ ನಡುವೆ ಸ್ವಲ್ಪ ತಗ್ಗಾಗಿರುತ್ತೆ. ಕೂರೋ ಮುಂಚೆ ಕೇಳಿ, ಅದು ಹಿರಿಯರು ಕೂರೋ ಜಾಗ. ಒಳಗೆ ನೆಲ್ಲಕ್ಕಿ ನಡುಬಾಡೆ, ಅಂದ್ರೆ ನಡುಮನೆ, ಅಲ್ಲಿ ತೂಗು ಹಾಕಿರೋ ದೀಪ ತೂಕ್ ಬೊಳ್ಚ, ಒಕ್ಕದ ಎಲ್ಲಾ ಶುಭ ಅಶುಭ ಅದರ ಮುಂದೆಯೇ. ಮನೆ ಮಧ್ಯ ಮೇಲ್ಗಡೆ ತೆರೆದ ಅಂಗಳ ಇದ್ರೆ ಮಳೆ ಬರೋವಾಗ ನಾಲ್ಕೂ ಕಡೆ ಹಂಚಿಂದ ನೀರು ಅಲ್ಲಿಗೇ ಬೀಳುತ್ತೆ. ಕನ್ನಿ ಕೊಂಬರೆ ಅಂತ ನೈಋತ್ಯದ ಕೋಣೆಗೆ ಮಾತ್ರ ನೀವಾಗೇ ಕಾಲಿಡ್ಬೇಡಿ, ಅದು ದೇವರ ಗುರುಹಿರಿಯರ ಕೋಣೆ. ಹೊರಗಡೆ ಒಂದು ಚಿಕ್ಕ ಗುಡಿ ಥರ ಇರುತ್ತೆ, ಕೈಮಡ, ಗುರು ಕಾರೋಣಂಗೆ, ಅಂದ್ರೆ ಒಕ್ಕದ ಮೂಲಪುರುಷನಿಗೆ. ಕಾರೋಣಂಗೆ ಮಾಂಸ, ಹೆಂಡ ಇಡೋ ಪದ್ಧತಿ, ಮುಖ ಸಿಂಡರಿಸ್ಬೇಡಿ. ಚಪ್ಪಲಿ ಹೊರಗೆ ಬಿಡಿ, ಹೋಗೋವಾಗ ದೀಪದ ಎಣ್ಣೆಗೆ ಅಂತ ಏನಾದ್ರೂ ಕೊಟ್ರೆ ತಪ್ಪಿಲ್ಲ, ಬೇಡ ಅಂದ್ರೆ ಒತ್ತಾಯ ಮಾಡ್ಬೇಡಿ.

ಪ್ರಶ್ನೆ: ನಾವು ಉಳ್ಕೊಂಡ ಹೋಂಸ್ಟೇ ತೋಟದ ಒಳಗೆ ದೊಡ್ಡ ಕಂದಕ ಉಂಟು, ಉದ್ದಕ್ಕೆ ಹೋಗ್ತದೆ, ಒಳಗೆಲ್ಲ ಮರ ಬೆಳೆದಿದೆ. ಆನೆಗೆ ಮಾಡಿದ್ದಾ ಕೇಳಿದ್ರೆ ಕೆಲಸದವ್ರು ಹೌದು ಅಂತಾರೆ, ಯಜಮಾನ್ರು ಅಲ್ಲ ಅಂತಾರೆ. ಯಾವ್ದು ಸರಿ?
— ಓದುಗರು, ಮಂಗಳೂರು

ಉತ್ತರ: ಯಜಮಾನ್ರು ಹೇಳಿದ್ದೇ ಸರಿ ಇರ್ಬೇಕು. ಅದು ಕಡಂಗ, ಹಳೇ ಕಾಲದ ರಕ್ಷಣೆಯ ಕಂದಕ. ಆನೆ ಕಂದಕ ಕಾಡಿನ ಗಡಿಯಲ್ಲಿ ಇತ್ತೀಚೆಗೆ ಜೆಸಿಬಿಯಲ್ಲಿ ತೋಡಿದ್ದು, ಅಂಚು ಇನ್ನೂ ಚೂಪಾಗಿರುತ್ತೆ, ಮಣ್ಣು ಹಸಿಯಾಗಿ ಕಾಣುತ್ತೆ. ಕಡಂಗದ ಅಂಚು ಮಳೆಗೆ ದುಂಡಗಾಗಿರುತ್ತೆ, ತೋಡಿದ ಮಣ್ಣನ್ನ ಒಂದು ಬದಿಗೆ ಏರಿ ಥರ ಹಾಕಿರ್ತಾರೆ, ಆ ಏರಿ ಮೇಲೇನೇ ದೊಡ್ಡ ದೊಡ್ಡ ಮರ ಎದ್ದಿರ್ತವೆ. ಮರ ನೋಡಿದ್ರೇ ಗೊತ್ತಾಗುತ್ತಲ್ಲ ಇದು ನಿನ್ನೆ ಮೊನ್ನೇದಲ್ಲ ಅಂತ. ನಾಡುಗಳ ಗಡಿಗೆ, ಯುದ್ಧದ ರಕ್ಷಣೆಗೆ ಅಂತ ಗುಡ್ಡ ಗದ್ದೆ ಕಾಡು ಏನೂ ನೋಡ್ದೆ ಮೈಲಿಗಟ್ಲೆ ತೋಡಿದ್ದು, ಎಲ್ಲ ಸೇರಿಸಿದ್ರೆ ನೂರಾರು ಮೈಲಿ ಆಗುತ್ತೆ, ಕೆಲವು ಕಡೆ ಬೆಟ್ಟದ ತಲೆ ಸುತ್ತ ಸುತ್ಕೊಂಡು ಹೋಗುತ್ತೆ. 9-10ನೇ ಶತಮಾನದ ಶಾಸನಗಳಲ್ಲೇ ಕಡಂಗದ ಮಾತು ಬರುತ್ತೆ. ವಿರಾಜಪೇಟೆ ಹತ್ರ ಕಡಂಗ ಅಂತ ಊರೇ ಇದೆ, ಬಸ್ ಬೋರ್ಡಲ್ಲಿ ನೋಡಿರ್ತೀರ.

ನನ್ನ ಸಿಟ್ಟು ಏನಂದ್ರೆ ಗುಡಿ ಅರಮನೆಗಾದ್ರೆ ಬೋರ್ಡು ಹಾಕ್ತಾರೆ, ಇದಕ್ಕೆ ಕೇಳೋರೇ ಇಲ್ಲ. ತೋಟದ ರಸ್ತೆ ಅಗಲ ಮಾಡೋವಾಗ ಮುಚ್ತಾರೆ, ಲೇಔಟ್ ಮಾಡೋರು ಮಟ್ಟ ಮಾಡ್ತಾರೆ. ನಿಮ್ಮ ಯಜಮಾನ್ರು ಹಂಗೇ ಇಟ್ಕೊಂಡಿದಾರಲ್ಲ, ಅವರಿಗೊಂದು ನಮಸ್ಕಾರ ಹೇಳಿ. ಒಳಗೆ ಇಳಿಯೋದಾದ್ರೆ ಕೋಲಿಂದ ಎಲೆ ಸರಿಸ್ಕೊಂಡು ಇಳೀರಿ, ತಂಪಿಗೆ ಹಾವು ಇರ್ತವೆ.

ಪ್ರಶ್ನೆ: ಜುಲೈನಲ್ಲಿ ಬರೋಣ ಅಂತಿದೀವಿ, ಮಳೆ ನೋಡೋಕೆ. ಇಂಬಳಕ್ಕೆ ಏನ್ ಮಾಡ್ಬೇಕು? ಗುಡ್ಡ ಕುಸಿಯೋ ಭಯಾನೂ ಇದೆ.
— ದಂಪತಿ, ಮೈಸೂರು

ಉತ್ತರ: ಇಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು, ಲೀಚ್ ಸಾಕ್ಸ್, ಯಾವುದಾದ್ರೂ ಆಗುತ್ತೆ. ಹತ್ತಿದ್ರೆ ಕಿರಿಚ್ಕೊಂಡು ಕಿತ್ತು ಎಸೀಬೇಡಿ, ಉಗುರಿಂದ ಬಾಯಿ ಇರೋ ತುದಿ ಸರಿಸಿದ್ರೆ ಬಿಡುತ್ತೆ. ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತೆ, ತೊಳ್ದು ಬಟ್ಟೆ ಒತ್ತಿ ಹಿಡೀರಿ ಸಾಕು.

ಮಳೆ ವಿಚಾರಕ್ಕೆ ಬಂದ್ರೆ, ಇಲ್ಲಿ ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆ ಮಾಪಕ ಇರುತ್ತೆ. ಬೆಳಗ್ಗೆ ಕಾಫಿ ಕುಡಿಯೋ ಮುಂಚೆ ಹೋಗಿ ಅಳೆದು ಡೈರಿಯಲ್ಲಿ ಬರೀತಾರೆ, "3 ಇಂಚು 40 ಸೆಂಟು" ಅಂತ (ಸೆಂಟು ಅಂದ್ರೆ ಇಂಚಿನ ನೂರರಲ್ಲೊಂದು ಪಾಲು), ಆಮೇಲೆ ಫೋನು, "ನಿಮ್ಮಲ್ಲಿ ಎಷ್ಟು ಬಂತು?" ಮಿಲಿಮೀಟರ್ ಅಂದ್ರೆ ಇಲ್ಲಿ ಯಾರೂ ಮುಖ ನೋಡಲ್ಲ. ಕುಶಾಲನಗರದ ಕಡೆ ವರ್ಷಕ್ಕೆ 50 ಇಂಚಿನ ಆಸುಪಾಸು ಬಿದ್ರೆ ಭಾಗಮಂಡಲದ ಕಡೆ 200 ಇಂಚು ದಾಟೋದು ಹೊಸದಲ್ಲ, ಅದೂ ಒಂದೇ ಜಿಲ್ಲೇಲಿ. ಹಂಗಾಗಿ ಹವಾಮಾನ ಆಪ್‌ನಲ್ಲಿ 'ಕೊಡಗು' ಅಂತ ನೋಡ್ಕೊಂಡು ಹೊರಟ್ರೆ ಏನೂ ಪ್ರಯೋಜನ ಇಲ್ಲ, ಉಳ್ಕೊಳ್ಳೋ ಮನೆಗೆ ಫೋನ್ ಮಾಡಿ ಎಷ್ಟು ಇಂಚು ಅಂತ ಕೇಳಿ.

ಕುಸಿತದ ಭಯ ಇಟ್ಕೊಳ್ಳೋದು ಒಳ್ಳೇದೇ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳೇ ಇಳಿದು ಬಂದ್ವು, 2019ರಲ್ಲಿ ವಿರಾಜಪೇಟೆ ತಾಲೂಕಿನ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಅರ್ಚಕರ ಮನೆ ಮೇಲೆ ಬೆಟ್ಟ ಕುಸೀತು. ಮೂರೂ ಆಗಸ್ಟ್ ಅನ್ನೋದು ಗಮನಿಸಿ, ಜೂನ್ ಜುಲೈಯಲ್ಲಿ ಮಣ್ಣು ನೀರು ಕುಡಿದು ಭಾರ ಆಗಿರುತ್ತೆ, ಅದರ ಮೇಲೆ ಮೂರ್ನಾಲ್ಕು ದಿನ ಬಿಡದೆ ಹೊಡೆದ್ರೆ ಹಿಡಿದಿಟ್ಕೊಳ್ಳೋಕೆ ಆಗಲ್ಲ. ರಸ್ತೆಗೆ, ಮನೆಗೆ, ರೆಸಾರ್ಟಿಗೆ ಅಂತ ಗುಡ್ಡದ ಬುಡವನ್ನ ನೆಟ್ಟಗೆ ಕತ್ತರಿಸಿದ್ರೆ, ನೀರು ಹೋಗೋ ಚರಂಡಿ ಮುಚ್ಚಿದ್ರೆ ಇನ್ನೂ ಸುಲಭ ಆಯ್ತು ಅದಕ್ಕೆ. ಜುಲೈ ಮೊದಲ ವಾರ ಬನ್ನಿ, ಹಿಂದುಗಡೆ ಹೊಸದಾಗಿ ಗುಡ್ಡ ಕತ್ತರಿಸಿರೋ ಕಡೆ ರೂಮ್ ತಗೋಬೇಡಿ, ಫೋಟೋದಲ್ಲಿ ಕೆಂಪು ಮಣ್ಣಿನ ಗೋಡೆ ಕಂಡ್ರೆ ಬುಕ್ ಮಾಡ್ಲೇಬೇಡಿ, ರೆಡ್ ಅಲರ್ಟ್ ಬಂದ್ರೆ ಅಡ್ವಾನ್ಸ್ ಹೋದ್ರೂ ಹೋಗ್ಲಿ ಕ್ಯಾನ್ಸಲ್ ಮಾಡಿ.

ಬಂದ್ರೆ ಒಂದು ಲಾಭ ಇದೆ. ಮಳೆಗಾಲದಲ್ಲಿ ತೊರೆಗಳ ಹತ್ರ ಬೆಳ್ಳಂಬೆಳಗ್ಗೆ ಯಾರೋ ಹುಡುಗ ರಾಗ ಮರ್ತು ಸಿಳ್ಳೆ ಹಾಕ್ದಂಗೆ ಕೇಳುತ್ತೆ, ಅದು ಮಲಬಾರ್ ವಿಸ್ಲಿಂಗ್ ಥ್ರಶ್ ಅನ್ನೋ ಹಕ್ಕಿ, ಕಡು ನೀಲಿ, ಕತ್ತಲಲ್ಲಿ ಕಪ್ಪಾಗೇ ಕಾಣುತ್ತೆ, ಹಣೆ, ಭುಜದ ಮೇಲೆ ಮಾತ್ರ ಹೊಳೆಯೋ ನೀಲಿ.

ಪ್ರಶ್ನೆ: ಹೋದ ವಾರ ಕೊಡಗಲ್ಲಿ ಒಂದು ದೇವರಕಾಡಲ್ಲಿ ಮರದ ಬುಡದಲ್ಲಿ ರಾಶಿ ಮಣ್ಣಿನ ನಾಯಿಗಳಿದ್ವು, ಕೆಲವು ಒಡೆದಿದ್ವು. ನನ್ನ ಮಗ ಒಂದನ್ನ ಎತ್ಕೊಳ್ಳೋಕೆ ಹೋದ, ಅಲ್ಲಿದ್ದ ಅಜ್ಜ ಜೋರಾಗಿ ಬೈದ್ರು. ಅಷ್ಟು ಬೈಯೋ ಅಗತ್ಯ ಇತ್ತಾ?
— ಓದುಗರು, ಬೆಂಗಳೂರು

ಉತ್ತರ: ಇತ್ತು ಸರ್. ಅದು ಅಯ್ಯಪ್ಪನ ಕಾಡು. ಇಲ್ಲಿನ ಅಯ್ಯಪ್ಪ ಬೇಟೆಯ ದೇವರು, ಅವನ ಜೊತೆ ನಾಯಿ ಇರ್ಬೇಕಲ್ಲ, ಹರಕೆ ಹೊತ್ತೋರು ಮಣ್ಣಿನ ನಾಯಿ ಮಾಡ್ಸಿ ತಂದಿಡ್ತಾರೆ. ಒಡೆದಿದ್ದನ್ನೂ ತೆಗೆಯಲ್ಲ, ಮೇಲೆ ಪಾಚಿ ಹತ್ತಿ ಕಿವಿ ಉದುರಿ ಮಣ್ಣಿಗೆ ಸೇರೋ ತನಕ ಹಂಗೇ ಇರುತ್ತೆ, ಹೊಸದು ಅದರ ಪಕ್ಕ ಬರುತ್ತೆ. ದೇವರಕಾಡಿಂದ ಒಣ ಕಡ್ಡಿ ತಂದ್ರೂ ದೋಷ ಅನ್ನೋ ನಂಬಿಕೆ ಇರೋದಕ್ಕೇ ಅಷ್ಟು ದೊಡ್ಡ ಮರ ನಿಮಗೆ ನೋಡೋಕೆ ಸಿಕ್ಕಿದ್ದು, ಆ ಅಜ್ಜನಂಥೋರು ಬೈದಿದ್ದಕ್ಕೇ ಅದು ಉಳಿದಿರೋದು.

ಕೊಡಗಲ್ಲಿ 1214 ದೇವರಕಾಡು ದಾಖಲಾಗಿವೆ, ಒಟ್ಟು ಸುಮಾರು 2550 ಹೆಕ್ಟೇರ್. ಕೇಳೋಕೆ ಜಾಸ್ತಿ ಅನ್ಸುತ್ತೆ, ಆದ್ರೆ 1905ರ ಲೆಕ್ಕದಲ್ಲಿ 6000 ಹೆಕ್ಟೇರ್ ಮೇಲಿತ್ತು. ಉಳಿದಿದ್ದು ಎಲ್ಲಿ ಹೋಯ್ತು ಅಂದ್ರೆ ಕಾಫಿ ಆಯ್ತು, ಸೈಟ್ ಆಯ್ತು. ಒಂದೊಂದು ಅರ್ಧ ಎಕರೆ ಒಂದು ಎಕರೆ ಇರೋ ತುಂಡುಗಳೂ ಇದಾವೆ, ಆದ್ರೂ ಮಂಗಟ್ಟೆ ಹಕ್ಕಿಗಳಿಗೆ ಗೂಡಿಗೆ ಪೊಟರೆ ಇರೋ ಹಳೇ ಮರ ಬೇಕು, ತೋಟದೊಳಗೆ ಅಂಥ ಮರ ಸಿಗೋದು ಕಮ್ಮಿ, ಇಲ್ಲಿ ಸಿಗುತ್ತೆ. ವರ್ಷಕ್ಕೊಂದ್ಸಲ ಹಬ್ಬ, ಅದ್ರಲ್ಲಿ ಊರಿನ ಬೇರೆ ಬೇರೆ ಜಾತಿಯೋರಿಗೆ ಬೇರೆ ಬೇರೆ ಕೆಲಸ, ಒಬ್ರು ಬರ್ದಿದ್ರೆ ಹಬ್ಬ ನಿಲ್ಲುತ್ತೆ. ಮಗನಿಗೆ ಬೇಜಾರಾಗಿದ್ರೆ ಮುಂದಿನ ಸಲ ಆ ಅಜ್ಜನ ಹತ್ರಾನೇ ಕರ್ಕೊಂಡು ಹೋಗಿ ಕಥೆ ಕೇಳ್ಸಿ, ಬೈಯೋರು ಕಥೇನೂ ಚೆನ್ನಾಗಿ ಹೇಳ್ತಾರೆ.

ಪ್ರಶ್ನೆ: ಚೇಲಾವರ ಫಾಲ್ಸ್‌ನಲ್ಲಿ ಈಜ್ಬಹುದಾ? ಹೊಳೇಲಿ ಗಾಳ ಹಾಕೋಕೆ ಬಿಡ್ತಾರಾ?
— ಗೆಳೆಯರ ಗುಂಪು, ಶಿವಮೊಗ್ಗ

ಉತ್ತರ: ಈಜ್ಬೇಡಿ. ಚೆಯ್ಯಂಡಾಣೆ ಹತ್ರದ ಆ ಫಾಲ್ಸ್ ದೂರದಿಂದ ಹಾಲು ಚೆಲ್ಲಿದಂಗೆ ಚೆಂದ, ಬುಡದ ಗುಂಡಿ ಆಳ, ಬಂಡೆ ಜಾರುತ್ತೆ, ಪ್ರಾಣ ಹೋಗಿರೋದು ಈಜು ಬಾರದೋರದ್ದು ಮಾತ್ರ ಅಲ್ಲ. ಇಷ್ಟೇ ಉತ್ತರ.

ಗಾಳದ ವಿಷಯ. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನಿಗೆ 2018ರಲ್ಲಷ್ಟೇ ವಿಜ್ಞಾನಿಗಳು ಸರಿಯಾದ ವೈಜ್ಞಾನಿಕ ಹೆಸರು ಗುರುತಿಸಿದ್ದು, ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರ್ತು. ಕಾಡಿನೊಳಗೆ ಗಾಳ ಹಾಕೋದು ಅಪರಾಧ, ಹೊರಗಾದ್ರೂ ಅನುಮತಿ ಬೇಕು. ಮೀನು ತಿನ್ನೋ ಆಸೆ ಇದ್ರೆ ನಾಪೋಕ್ಲು ಪೇಟೇಲಿ ಊಟ ಮಾಡಿ.

ಪ್ರಶ್ನೆ: ರಸ್ತೆ ಬದಿ ಮಾರೋ ಕೊಡಗಿನ ಜೇನು ಅಸಲಿನಾ? ನಾವು ತಂದಿದ್ದು ಫ್ರಿಜ್‌ನಲ್ಲಿ ಸಕ್ಕರೆ ಥರ ಗಟ್ಟಿಯಾಯ್ತು, ಮೋಸ ಹೋದ್ವಾ?
— ಗೃಹಿಣಿ, ಹಾಸನ

ಉತ್ತರ: ಗಟ್ಟಿಯಾಗಿದ್ದಕ್ಕೆ ಮೋಸ ಅಂತ ಹೇಳೋಕಾಗಲ್ಲ ಅಕ್ಕ, ಒಳ್ಳೇ ಜೇನೂ ಚಳಿಗೆ ಹರಳುಗಟ್ಟುತ್ತೆ, ಜೇನನ್ನ ಫ್ರಿಜ್‌ನಲ್ಲಿ ಇಡೋದೇ ಬೇಡ. ಉಗುರುಬೆಚ್ಚಗಿನ ನೀರಲ್ಲಿ ಬಾಟ್ಲಿ ಇಟ್ರೆ ಕರಗುತ್ತೆ. ನೀರಿಗೆ ಹಾಕಿ ನೋಡೋದು, ಬೆಂಕಿಕಡ್ಡಿ ಗೀರಿ ನೋಡೋದು ಎಲ್ಲ ವಾಟ್ಸಾಪ್ ಪರೀಕ್ಷೆಗಳು, ನಂಬ್ಬೇಡಿ. ಕಕ್ಕಬ್ಬೆ, ಭಾಗಮಂಡಲ ಕಡೆ ತುಡುವೆ ಜೇನು ಸಾಕಣೆಗೆ ಒಂದು ಕಾಲದಲ್ಲಿ ದೊಡ್ಡ ಹೆಸರು, ಮನೆ ಹಿಂದೆ ಪೆಟ್ಟಿಗೆ ಇಲ್ಲದ ಮನೆ ಹುಡುಕ್ಬೇಕಿತ್ತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ದಕ್ಷಿಣ ಭಾರತಕ್ಕೆಲ್ಲ ಬಡೀತು, ಮರಿಹುಳಗಳು ಗೂಡಲ್ಲೇ ಚೀಲದ ಥರ ನೀರು ತುಂಬ್ಕೊಂಡು ಸಾಯ್ತಿದ್ವು, ಪೆಟ್ಟಿಗೆಗಳು ಖಾಲಿ ಆದ್ವು. ಆಮೇಲೆ ಚೇತರಿಸ್ಕೊಂಡಿದೆ, ಆದ್ರೆ ಆ ಕಾಲದ ಮಟ್ಟಕ್ಕಿಲ್ಲ. ಜೇನು ಸಹಕಾರ ಸಂಘದ ಮಳಿಗೆಗಳಲ್ಲಿ ಇಲ್ಲಾ ಪೆಟ್ಟಿಗೆ ಇಟ್ಟಿರೋ ಮನೇಲೇ ತಗೊಳ್ಳಿ.

ಪ್ರಶ್ನೆ: ನೀವು ಹಿಂಗೆ ಬರೀತೀರ, ಶನಿವಾರ ಜನ ಬಂದು ನಮ್ಮ ತೋಡಲ್ಲಿ (ಸಣ್ಣ ಹಳ್ಳ) ಬಿಯರ್ ಬಾಟ್ಲಿ ಒಡೆದು ಹೋಗ್ತಾರೆ. ಗದ್ದೆಗೆ ಇಳಿದ್ರೆ ಕಾಲಿಗೆ ಗಾಜು. ನಮ್ಮ ಊರಿನ ಹೆಸರು ಪತ್ರಿಕೇಲಿ ಹಾಕೋದು ನಿಲ್ಲಿಸ್ತೀರಾ?
— ರೈತ, ಕಕ್ಕಬ್ಬೆ ಕಡೆಯಿಂದ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದ್ದು ಅಣ್ಣ. ಆದ್ರೆ ನಾನು ಹೆಸರು ಹಾಕ್ದಿದ್ರೂ ರೀಲ್ಸ್ ಮಾಡೋರು ಲೊಕೇಶನ್ ಸಮೇತ ಹಾಕ್ತಾರೆ, ಅಲ್ಲಿ ಚಪ್ಪಲಿ ಬಿಚ್ಚಿ ಅಂತಾಗ್ಲಿ ಮನೆಯವರನ್ನ ಕೇಳಿ ಅಂತಾಗ್ಲಿ ಇರಲ್ಲ. ಅದಕ್ಕೇ ಈ ಕಾಲಂನಲ್ಲಿ ರಸ್ತೆ ಪಕ್ಕದ ಜಾಗಗಳ ಹೆಸರು ಮಾತ್ರ ಹಾಕಿದೀನಿ, ತೋಟದೊಳಗಿನ ಝರಿ, ಐನ್‌ಮನೆ, ದೇವರಕಾಡು ಯಾವ್ದರದ್ದೂ ಗುರುತು ಕೊಟ್ಟಿಲ್ಲ. ನಿಮ್ಮ ತೋಡಿಗೆ ಇಳಿಯೋ ದಾರಿಗೆ ಉಣಗೋಲು ಹಾಕಿ, ಖಾಸಗಿ ಜಾಗ ಅಂತ ಬೋರ್ಡ್ ಹಾಕಿ, ಪಂಚಾಯ್ತಿಗೆ ಬರವಣಿಗೆಯಲ್ಲಿ ದೂರು ಕೊಡಿ, ಗಾಡಿ ನಂಬರ್ ಫೋಟೋ ಇದ್ರೆ ಪೊಲೀಸರಿಗೂ ಕೊಡಿ. ಇನ್ನು ಓದೋರಿಗೆ: ಹೊಳೆ ಬದಿ ಕುಡಿಯೋ ಪ್ಲಾನ್ ಇರೋರು ಮೇಲಿನ ಉತ್ತರಗಳನ್ನೆಲ್ಲ ಮರೆತುಬಿಡಿ, ನಿಮಗೋಸ್ಕರ ಬರೆದದ್ದಲ್ಲ.

ಪ್ರಶ್ನೆ: ನನ್ನ ಅತ್ತೆ ಮನೆ ಕೊಡಗು. ಆಗಸ್ಟ್ 3ಕ್ಕೆ ಮದ್ದುಪಾಯಸ ಮಾಡ್ಬೇಕು ಅಂತಾರೆ, ಬೆಂಗಳೂರಲ್ಲಿ ಮದ್ದುಸೊಪ್ಪು ಎಲ್ಲಿ ಸಿಗುತ್ತೆ? ಮಾಡೋದು ಹೆಂಗೆ?
— ಹೊಸ ಸೊಸೆ, ಬೆಂಗಳೂರು

ಉತ್ತರ: ಕಕ್ಕಡ 18 ಅದು, ಅಂದ್ರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಅವತ್ತು ಆ ಸೊಪ್ಪಲ್ಲಿ 18 ಥರದ ಔಷಧಿ ಗುಣ ಸೇರಿರುತ್ತೆ ಅಂತ ಹಿರಿಯರ ನಂಬಿಕೆ. ತೋಡಿನ ಪಕ್ಕ, ನೆರಳಲ್ಲಿ, ತೇವದಲ್ಲಿ ಬೆಳೆಯೋ ಗಿಡ, ನಿಮ್ಮ ಅತ್ತೆ ಮನೆ ತೋಟದ ಅಂಚಲ್ಲೇ ಇರುತ್ತೆ, ಬಸ್ಸಲ್ಲಿ ಕಳ್ಸೋಕೆ ಹೇಳಿ. ದಂಟು ಸಮೇತ ಸೊಪ್ಪನ್ನ ನೀರಲ್ಲಿ ಚೆನ್ನಾಗಿ ಕುದಿಸಿದ್ರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತೆ, ಘಮ ಮನೆ ತುಂಬ. ಸೋಸಿ, ಆ ನೀರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು, ಏಲಕ್ಕಿ. ಗಟ್ಟಿಯಾಗಿ ಬೇಕಂದ್ರೆ ಅದೇ ನೀರಲ್ಲಿ ಅಕ್ಕಿ ತರಿ ಬೇಯಿಸಿ ತಟ್ಟೆಗೆ ಸುರಿದು ಕತ್ತರಿಸಿ ಮದ್ದ್ ಪುಟ್ಟ್ ಮಾಡಿ, ಮೇಲೆ ತುಪ್ಪ ಇಲ್ಲಾ ಜೇನು. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ, ಅದು ಸೊಪ್ಪಿನ ಬಣ್ಣ, ಗಂಡನ್ನ ಕರ್ಕೊಂಡು ಡಾಕ್ಟರ್ ಹತ್ರ ಓಡ್ಬೇಡಿ. ದಂಟು ಎರಡು ಉಳ್ಸಿ ಕುಂಡದಲ್ಲಿ ನೆಡಿ, ನೆರಳಿದ್ರೆ ಚಿಗುರುತ್ತೆ, ಮುಂದಿನ ವರ್ಷಕ್ಕೆ ಯಾರನ್ನೂ ಕೇಳೋ ಹಂಗಿರಲ್ಲ.